ಒಂದು ಬಿಟ್ಟು ಒಂದು ಕಂಬ: ಬೀದಿದೀಪ, ಕರೆಂಟು ಉಳಿತಾಯ ಮತ್ತು ಗಾಡಿ ಓಡಿಸುವವರ ಕಣ್ಣು

ನಾವು ನಾಲ್ಕು ಜನ, ಮೂವರು ಎಲೆಕ್ಟ್ರಿಕಲ್, ಒಬ್ಬಳು ಸಿವಿಲ್. ಎಲ್ಲರೂ ಸೆಕೆಂಡ್ ಇಯರ್. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು, ಹಾಗಾಗಿ ಕನ್ನಡದಲ್ಲಿ ಟೆಕ್ನಿಕಲ್ ಲೇಖನ ಬರೆಯೋದು ನಮಗೆ ಇದೇ ಮೊದಲು. ಕೆಲವು ಪದಗಳಿಗೆ ಕನ್ನಡ ಹುಡುಕಿದ್ವಿ, ಸಿಗದೇ ಇದ್ದದ್ದನ್ನ ಕ್ಲಾಸಲ್ಲಿ ಹೇಳೋ ಹಾಗೇ ಬಿಟ್ಟಿದ್ದೀವಿ. ತಪ್ಪಿದ್ದರೆ ತಿದ್ದಿ.

ವಿಷಯ ಬೀದಿದೀಪ. ಇಷ್ಟು ಸಾದಾ ವಿಷಯ ಯಾಕೆ ಅಂತ ಕೇಳಬಹುದು. ಅದಕ್ಕೊಂದು ಕಾರಣ ಇದೆ, ಅದನ್ನ ಮೊದಲೇ ಹೇಳಿಬಿಡ್ತೀವಿ.

ಫಸ್ಟ್ ಇಯರ್‌ನಲ್ಲಿ ನಾವು ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ಗೇಟಿನಿಂದ ಬಸ್ ಸ್ಟಾಪಿನವರೆಗಿನ ರಸ್ತೆಯಲ್ಲಿ ಹನ್ನೆರಡು ದೀಪದ ಕಂಬಗಳಿವೆ, ಒಂದೊಂದರಲ್ಲೂ 60 ವ್ಯಾಟಿನ ಎಲ್ಇಡಿ. 'ಒಂದು ಬಿಟ್ಟು ಒಂದು ದೀಪ ಆರಿಸಿದ್ರೆ ಕರೆಂಟು ಅರ್ಧಕ್ಕರ್ಧ ಉಳಿಯುತ್ತೆ' ಅಂತ ಒಂದು ಪೋಸ್ಟರ್ ಮಾಡಿ ತೋರಿಸಿದ್ವಿ. ಎಲ್ಲರಿಗೂ ಇಷ್ಟ ಆಯ್ತು. ಸರ್ಟಿಫಿಕೇಟ್ ಸಿಕ್ತು. ಒಂದು ತಿಂಗಳಲ್ಲಿ ನಿಜವಾಗಲೂ ಆರು ದೀಪ ಆರಿಸಿದ್ರು.

ಅದಾಗಿ ಸ್ವಲ್ಪ ದಿನಕ್ಕೆ ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ಹಾಸ್ಟೆಲ್ ಮೆಸ್ಸಿನ ಅಕ್ಕ ಒಬ್ಬರು ಕೆಲಸ ಮುಗಿಸಿ ಬಸ್ಸಿಗೆ ಹೋಗ್ತಿದ್ದಾಗ ನಮ್ಮದೇ ಬ್ಯಾಚಿನ ಒಬ್ಬನ ಸ್ಕೂಟರ್ ತಗುಲಿತು. ಬಲಗೈ ಮಣಿಕಟ್ಟು ಮುರೀತು. ಎರಡು ತಿಂಗಳು ಅವರು ಕೆಲಸಕ್ಕೆ ಬರಲಿಲ್ಲ. 'ನನಗೆ ಕಾಣಲೇ ಇಲ್ಲ' ಅಂತ ಹುಡುಗ ಹೇಳ್ತಾನೇ ಇದ್ದ. 'ಲೈಟ್ ಹಾಕಿರೋ ರಸ್ತೇಲಿ ಮನುಷ್ಯರು ಕಾಣಲ್ಲ ಅಂದ್ರೆ ಏನರ್ಥ?' ಅಂತ ಎಲ್ಲರೂ ಬೈದ್ರು. ನಾವೂ ಬೈದ್ವಿ.

ಆಮೇಲೆ ಹೋಗಿ ನೋಡಿದ್ರೆ ಅಕ್ಕ ನಿಂತಿದ್ದದ್ದು ಸರಿಯಾಗಿ ಒಂದು ಕಂಬದ ಬುಡದಲ್ಲಿ. ಆರಿಸಿದ ಕಂಬ. ನಾವು ಆರಿಸಲು ಹೇಳಿದ ಆರರಲ್ಲಿ ಒಂದು.

ಹಾಗಾಗಿ ಈ ಲೇಖನ ಒಂದು ರೀತಿಯಲ್ಲಿ ನಮ್ಮ ಪ್ರಾಜೆಕ್ಟಿನ ತಿದ್ದುಪಡಿ. ಆಗ ಮಾಡದೇ ಇದ್ದ ಲೆಕ್ಕವನ್ನ ಈಗ ಮಾಡಿದ್ದೀವಿ. ಕರೆಂಟು ಉಳಿಸೋದು ತಪ್ಪು ಅಂತ ನಾವು ಹೇಳ್ತಿಲ್ಲ. ಉಳಿಸೋ ದಾರಿಗಳಲ್ಲಿ ಯಾವುದು ಗಾಡಿ ಓಡಿಸುವವರ ಕಣ್ಣಿಗೆ ಮೋಸ ಮಾಡುತ್ತೆ, ಯಾವುದು ಮಾಡಲ್ಲ ಅನ್ನೋದೇ ಇಲ್ಲಿನ ಪ್ರಶ್ನೆ.

ಮೊದಲು ನಾಲ್ಕು ಪದ

ಬಲ್ಬಿನಿಂದ ಒಟ್ಟು ಎಷ್ಟು ಬೆಳಕು ಹೊರಬರುತ್ತೆ ಅನ್ನೋದು ಲೂಮೆನ್. ಆ ಬೆಳಕು ಒಂದು ನಿರ್ದಿಷ್ಟ ದಿಕ್ಕಿಗೆ ಎಷ್ಟು ತೀವ್ರವಾಗಿ ಹೋಗುತ್ತೆ ಅನ್ನೋದು ಕ್ಯಾಂಡೆಲಾ. ರಸ್ತೆಯ ಒಂದು ಚದರ ಮೀಟರ್ ಮೇಲೆ ಎಷ್ಟು ಲೂಮೆನ್ ಬೀಳುತ್ತೆ ಅನ್ನೋದು ಲಕ್ಸ್. ರಸ್ತೆಯಿಂದ ವಾಪಸ್ ಚಿಮ್ಮಿ ನಮ್ಮ ಕಣ್ಣಿನ ಕಡೆ ಬರೋ ಹೊಳಪು ಲೂಮಿನನ್ಸ್.

ನೀರಿಗೆ ಹೋಲಿಸಿದರೆ ಸುಲಭ. ತೋಟಕ್ಕೆ ನೀರು ಬಿಡುವಾಗ ಪೈಪಿನಿಂದ ಒಟ್ಟು ಬರೋ ನೀರು ಲೂಮೆನ್. ಪೈಪಿನ ಬಾಯಿಗೆ ಬೆರಳಿಟ್ಟು ಒಂದು ಕಡೆ ಚಿಮ್ಮಿಸಿದರೆ ಕ್ಯಾಂಡೆಲಾ. ಒಂದು ಪಾತಿಗೆ ಬಿದ್ದ ನೀರು ಲಕ್ಸ್. ಪೈಪಲ್ಲಿ ಎಷ್ಟೇ ನೀರು ಬಂದರೂ ಎಲ್ಲಾ ಒಂದೇ ಪಾತಿಗೆ ಬಿದ್ದರೆ ಪಕ್ಕದ ಗಿಡ ಒಣಗುತ್ತೆ. ಬೀದಿದೀಪದಲ್ಲೂ ಇದೇ ಕಥೆ.

ಒಂದು ಅಂದಾಜಿಗೆ, ನಡು ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆ ಬೆಳದಿಂಗಳು ಲಕ್ಸಿನ ಹತ್ತನೇ ಒಂದು ಭಾಗದಿಂದ ಹತ್ತನೇ ಮೂರು ಭಾಗದಷ್ಟು. ಬೀದಿದೀಪ ಇವೆರಡರ ನಡುವೆ, ಬೆಳದಿಂಗಳಿಗೇ ಹತ್ತಿರ.

ನಮ್ಮ ದೇಶದಲ್ಲಿ ಇದಕ್ಕೊಂದು ಮಾನದಂಡ ಇದೆ, ಐಎಸ್ 1944. ತುಂಬಾ ವೇಗದ, ದಟ್ಟ ಸಂಚಾರದ ಮುಖ್ಯ ರಸ್ತೆಗೆ ಸರಾಸರಿ 30 ಲಕ್ಸ್, ಸಾಧಾರಣ ಮುಖ್ಯ ರಸ್ತೆಗೆ 15, ಓಡಾಟ ಇರುವ ಒಳರಸ್ತೆಗೆ 8, ಕಡಿಮೆ ಓಡಾಟದ ರಸ್ತೆಗೆ 4. ಆದರೆ ಸರಾಸರಿ ಒಂದೇ ಸಾಲದು ಅಂತ ಅದೇ ಮಾನದಂಡ ಹೇಳುತ್ತೆ. ರಸ್ತೆಯಲ್ಲಿ ಅತಿ ಕಡಿಮೆ ಬೆಳಕಿರೋ ಜಾಗದಲ್ಲೂ ಸರಾಸರಿಯ ಇಂತಿಷ್ಟು ಪಾಲು ಇರಲೇಬೇಕು. ಮುಖ್ಯ ರಸ್ತೆಗಳಲ್ಲಿ ಅದು 0.4, ಒಳರಸ್ತೆಗಳಲ್ಲಿ 0.3. ನಮ್ಮ ಪೋಸ್ಟರಿನಲ್ಲಿ ಈ ಎರಡನೇ ಅಂಕಿ ಇರಲೇ ಇಲ್ಲ.

ಸೋಡಿಯಂನಿಂದ ಎಲ್ಇಡಿಗೆ

ಬೀದಿದೀಪದ ಚರಿತ್ರೆಯಲ್ಲಿ ನಮ್ಮ ರಾಜ್ಯಕ್ಕೆ ಹೆಮ್ಮೆಯ ಜಾಗ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು.

ನಾವು ಚಿಕ್ಕವರಿದ್ದಾಗ ನೋಡಿದ ಕಿತ್ತಳೆ ಬಣ್ಣದ ದೀಪಗಳು ಹೈ ಪ್ರೆಶರ್ ಸೋಡಿಯಂ ದೀಪಗಳು. ಅವೇನೂ ಕೆಟ್ಟವಲ್ಲ. 250 ವ್ಯಾಟಿನ ಒಂದು ಸೋಡಿಯಂ ದೀಪ ಸುಮಾರು 27,000 ಲೂಮೆನ್ ಕೊಡುತ್ತೆ, ಅಂದ್ರೆ ವ್ಯಾಟಿಗೆ ನೂರು ಲೂಮೆನ್ನಿಗಿಂತ ಹೆಚ್ಚು. ಸಮಸ್ಯೆ ಬೇರೆ ಕಡೆ. ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತೆ. ಅದನ್ನ ರಿಫ್ಲೆಕ್ಟರ್ ಇಟ್ಟು ಕೆಳಗೆ ತಿರುಗಿಸುವಷ್ಟರಲ್ಲಿ ಒಂದಷ್ಟು ವ್ಯರ್ಥ. ಜೊತೆಗೆ ಚೋಕ್ ಅಂತ ಕರೆಯೋ ಬ್ಯಾಲಾಸ್ಟ್ ಸುಮಾರು 25 ವ್ಯಾಟ್ ತಾನೇ ತಿನ್ನುತ್ತೆ. ಎಲ್ಇಡಿ ಮೊದಲೇ ಒಂದೇ ಕಡೆ ಬೆಳಕು ಬಿಡುತ್ತೆ, ಲೆನ್ಸ್ ಇಟ್ಟು ಬೇಕಾದಲ್ಲಿಗೆ ಕಳಿಸಬಹುದು. ಅದಕ್ಕೇ 250 ವ್ಯಾಟಿನ ಸೋಡಿಯಂ ಇದ್ದ ಕಡೆ 120 ವ್ಯಾಟಿನ ಎಲ್ಇಡಿ ಹಾಕೋದು ಸಾಮಾನ್ಯ.

ಒಂದು ಕಿಲೋಮೀಟರ್ ರಸ್ತೆ ತಗೊಳ್ಳಿ. 30 ಮೀಟರಿಗೊಂದು ಕಂಬ, ಒಟ್ಟು 34. ರಾತ್ರಿಗೆ 11 ಗಂಟೆ ಉರೀತವೆ ಅಂದ್ಕೊಳ್ಳೋಣ. ಸೋಡಿಯಂ ಆದ್ರೆ 34 × 275 ವ್ಯಾಟ್, ವರ್ಷಕ್ಕೆ ಸುಮಾರು 37,500 ಯೂನಿಟ್. ಎಲ್ಇಡಿ ಆದ್ರೆ 34 × 120 ವ್ಯಾಟ್, ವರ್ಷಕ್ಕೆ ಸುಮಾರು 16,400 ಯೂನಿಟ್. ದೀಪ ಬದಲಾಯಿಸಿದ್ದಕ್ಕೇ 56 ಶೇಕಡ ಉಳಿತಾಯ. 2015ರ ಜನವರಿಯಲ್ಲಿ ಶುರುವಾದ ಕೇಂದ್ರದ ಬೀದಿದೀಪ ಯೋಜನೆಯಲ್ಲಿ ಇಇಎಸ್‌ಎಲ್ ಸಂಸ್ಥೆ ದೇಶದಲ್ಲಿ 1.3 ಕೋಟಿಗೂ ಹೆಚ್ಚು ಎಲ್ಇಡಿ ಬೀದಿದೀಪ ಹಾಕಿದ್ದಕ್ಕೆ ಇದೇ ಕಾರಣ.

ಇಲ್ಲಿವರೆಗೆ ಎಲ್ಲಾ ಸರಿ. ನಾವು ಎಡವಿದ್ದು 'ಇನ್ನೂ ಅರ್ಧ ಉಳಿಸೋಣ' ಅಂತ ಹೊರಟಾಗ.

8, 15, 17: ಮಾಡದೇ ಬಿಟ್ಟ ಲೆಕ್ಕ

ನಮ್ಮ ರಸ್ತೆಯ ಕಂಬದ ಎತ್ತರ 8 ಮೀಟರ್. ಕಂಬದಿಂದ ಕಂಬಕ್ಕೆ 30 ಮೀಟರ್. ಎರಡು ಕಂಬಗಳ ಮಧ್ಯಬಿಂದು ಒಂದೊಂದರಿಂದ 15 ಮೀಟರ್ ದೂರ. 8 ಮತ್ತು 15 ಲಂಬ ಬಾಹುಗಳಾದರೆ ವಿಕರ್ಣ 17. ಪೈಥಾಗೊರಸ್ ತ್ರಿವಳಿ! ಇಷ್ಟು ಚೆಂದದ ಸಂಖ್ಯೆ ಕಣ್ಣೆದುರಿಗಿದ್ರೂ ಆಗ ನಾವು ನೋಡಿರಲಿಲ್ಲ.

ಲೆಕ್ಕ ಸುಲಭ ಮಾಡೋಕೆ, ದೀಪ ರಸ್ತೆಯ ಉದ್ದಕ್ಕೆ ಎಲ್ಲ ಕೋನಗಳಲ್ಲೂ 2000 ಕ್ಯಾಂಡೆಲಾ ಬಿಡುತ್ತೆ ಅಂತ ಇಟ್ಕೊಳ್ಳೋಣ. ನೇರ ಕೆಳಗೆ ಬೀಳೋ ಬೆಳಕು ಕ್ಯಾಂಡೆಲಾ ಭಾಗಿಸು ದೂರದ ವರ್ಗ. 2000 ÷ 64 = 31 ಲಕ್ಸ್.

ಮಧ್ಯಬಿಂದುವಿಗೆ ಎರಡು ನಷ್ಟ. ಒಂದು, ದೂರ 8ರ ಬದಲು 17 ಮೀಟರ್. ಇನ್ನೊಂದು, ಬೆಳಕು ಓರೆಯಾಗಿ ಬೀಳೋದರಿಂದ ಅಗಲಕ್ಕೆ ಹರಡುತ್ತೆ, ಅದಕ್ಕೆ 8/17ರಿಂದ ಗುಣಿಸಬೇಕು. 2000 ÷ 289 × 8/17 = 3.26 ಲಕ್ಸ್. ಎರಡೂ ಕಡೆಯ ಕಂಬದಿಂದ ಬರೋದರಿಂದ ಒಟ್ಟು 6.5 ಲಕ್ಸ್. ಅಂದ್ರೆ ಎಲ್ಲಾ ದೀಪ ಉರಿಯುವಾಗಲೂ ಕಂಬದ ಕೆಳಗಿನ ಬೆಳಕಿಗೂ ನಡುವಿನ ಬೆಳಕಿಗೂ ಐದು ಪಟ್ಟು ವ್ಯತ್ಯಾಸ.

ಈಗ ಒಂದು ಬಿಟ್ಟು ಒಂದು ಆರಿಸಿ. ಉರಿಯುವ ಕಂಬಗಳ ನಡುವೆ 60 ಮೀಟರ್ ಆಯ್ತು. ಅತಿ ಕತ್ತಲ ಜಾಗ ಆರಿದ ಕಂಬದ ಬುಡ, ಎರಡೂ ಕಡೆಗೆ 30 ಮೀಟರ್. ಇದೇ ಲೆಕ್ಕ ಮಾಡಿದ್ರೆ ಅಲ್ಲಿ ಬೀಳೋ ಬೆಳಕು 1.07 ಲಕ್ಸ್. ಉರಿಯುವ ಕಂಬದ ಕೆಳಗೆ ಇನ್ನೂ 31. ವ್ಯತ್ಯಾಸ ಐದು ಪಟ್ಟಿನಿಂದ ಇಪ್ಪತ್ತೊಂಬತ್ತು ಪಟ್ಟಿಗೆ ಏರಿತು.

ಅದರ ಬದಲು ಹನ್ನೆರಡು ದೀಪಗಳನ್ನೂ ಉರಿಸಿ, ಪ್ರತಿಯೊಂದನ್ನೂ ಅರ್ಧಕ್ಕೆ ಇಳಿಸಿದ್ರೆ? ಕಂಬದ ಕೆಳಗೆ 15.6 ಲಕ್ಸ್, ನಡುವೆ 3.26 ಲಕ್ಸ್. ವ್ಯತ್ಯಾಸ ಅದೇ ಐದು ಪಟ್ಟು.

ಮೂರನ್ನೂ ಒಟ್ಟಿಗೆ ನೋಡಿ:

ಎಲ್ಲಾ ದೀಪ ಪೂರ್ತಿ: 720 ವ್ಯಾಟ್, ಅತಿ ಹೆಚ್ಚು 31 ಲಕ್ಸ್, ಅತಿ ಕಡಿಮೆ 6.5 ಲಕ್ಸ್.
ಒಂದು ಬಿಟ್ಟು ಒಂದು: 360 ವ್ಯಾಟ್, ಅತಿ ಹೆಚ್ಚು 31 ಲಕ್ಸ್, ಅತಿ ಕಡಿಮೆ 1.07 ಲಕ್ಸ್.
ಎಲ್ಲಾ ದೀಪ ಅರ್ಧ: ಹೆಚ್ಚೂಕಡಿಮೆ 360 ವ್ಯಾಟ್, ಅತಿ ಹೆಚ್ಚು 15.6 ಲಕ್ಸ್, ಅತಿ ಕಡಿಮೆ 3.26 ಲಕ್ಸ್.

ಎರಡನೇದಕ್ಕೂ ಮೂರನೇದಕ್ಕೂ ಕರೆಂಟು ಒಂದೇ. ರಸ್ತೆಗೆ ಬೀಳೋ ಒಟ್ಟು ಬೆಳಕೂ ಒಂದೇ, ಹಾಗಾಗಿ ಸರಾಸರಿಯೂ ಒಂದೇ. ಆದರೆ ಕತ್ತಲ ಜಾಗದಲ್ಲಿ ಮೂರು ಪಟ್ಟು ವ್ಯತ್ಯಾಸ. ಕಡಿಮೆ ಓಡಾಟದ ರಸ್ತೆಗೆ ಮಾನದಂಡ ಕೇಳೋದು ಸರಾಸರಿ 4 ಲಕ್ಸಿನ 0.3 ಪಾಲು, ಅಂದ್ರೆ 1.2 ಲಕ್ಸ್. ನಮ್ಮ ಪೋಸ್ಟರಿನ ವಿಧಾನ ಆ ಅತಿ ಕೆಳಗಿನ ಮೆಟ್ಟಿಲನ್ನೂ ಹತ್ತಲಿಲ್ಲ.

ಹಾಗಾದ್ರೆ ಈ ಆರಿಸೋ ಅಭ್ಯಾಸ ಎಲ್ಲಿಂದ ಬಂತು? ಸೋಡಿಯಂ ಕಾಲದಿಂದ. ಸೋಡಿಯಂ ದೀಪವನ್ನ ಸುಲಭವಾಗಿ ಮಂದ ಮಾಡೋಕಾಗಲ್ಲ. ಆರಿಸಿ ಮತ್ತೆ ಹಚ್ಚಿದ್ರೆ ಪೂರ್ತಿ ಬೆಳಗೋಕೆ ಕೆಲವು ನಿಮಿಷ ಬೇಕು. ಆಗ ಉಳಿತಾಯಕ್ಕೆ ಇದ್ದ ಸುಲಭದ ದಾರಿ ಅಂದ್ರೆ ಕೆಲವನ್ನ ಆರಿಸೋದು. ಎಲ್ಇಡಿಯ ಡ್ರೈವರ್ ಮಂದ ಮಾಡಬಲ್ಲದ್ದಾದರೆ ಹಾಗೆ ಮಾಡಬೇಕಾಗಿಲ್ಲ. ಮಂದವಾಗಿ ಉರಿದರೆ ಚಿಪ್ ಬಿಸಿಯಾಗೋದೂ ಕಡಿಮೆ, ಆಯಸ್ಸೂ ಹೆಚ್ಚು. ಹೊಸ ದೀಪ ಹಾಕಿ ಹಳೇ ಬುದ್ಧಿ ಉಪಯೋಗಿಸಿದವರು ನಾವು.

ಒಂದು ಮಾತು. ನಿಜವಾದ ದೀಪ ಎಲ್ಲ ಕೋನಕ್ಕೂ ಒಂದೇ ಸಮ ಬೆಳಕು ಬಿಡಲ್ಲ. ಲೆನ್ಸ್ ಇಲ್ಲದ ಚಪ್ಪಟೆ ಎಲ್ಇಡಿ ಆದ್ರೆ ಓರೆ ಕೋನಕ್ಕೆ ಇನ್ನೂ ಕಡಿಮೆ. ಎಲ್ಲಾ ದೀಪ ಪೂರ್ತಿ ಉರಿದರೂ ಕಂಬಗಳ ನಡುವಿನ 6.5 ಲಕ್ಸ್ ಅಲ್ಲಿ ಸುಮಾರು 3ಕ್ಕೆ ಇಳಿಯುತ್ತೆ. ಒಳ್ಳೆ ಬೀದಿದೀಪದ ಲೆನ್ಸ್ ಬೆಳಕನ್ನ ಬಾವಲಿಯ ರೆಕ್ಕೆ ಹಾಗೆ ಎರಡೂ ಬದಿಗೆ ತಳ್ಳುತ್ತೆ. ದೀಪ ಕೊಳ್ಳುವಾಗ ವ್ಯಾಟ್ ಎಷ್ಟು ಅಂತ ಮಾತ್ರ ಕೇಳದೆ, ಬೆಳಕು ಯಾವ ಕೋನಕ್ಕೆ ಎಷ್ಟು ಹೋಗುತ್ತೆ ಅನ್ನೋ ಫೈಲ್ ಕೇಳಬೇಕು. ಡೈಲಕ್ಸ್ ಅನ್ನೋ ಸಾಫ್ಟ್‌ವೇರ್ ಉಚಿತ. ಆ ಫೈಲ್ ಹಾಕಿದ್ರೆ ರಸ್ತೆಯ ಚಿತ್ರವನ್ನೇ ಬರೆದು ಕೊಡುತ್ತೆ.

ಕಣ್ಣಿಗೆ ಕಾಣೋದು ಬೆಳಕಲ್ಲ, ವ್ಯತ್ಯಾಸ

1 ಲಕ್ಸ್ ಬೆಳದಿಂಗಳಿಗಿಂತ ಜಾಸ್ತಿ. ಬೆಳದಿಂಗಳಲ್ಲಿ ಮನುಷ್ಯರು ಕಾಣ್ತಾರಲ್ಲ, ಹಾಗಾದ್ರೆ ಅಕ್ಕ ಯಾಕೆ ಕಾಣಲಿಲ್ಲ? ಇದು ನಮ್ಮನ್ನ ತುಂಬಾ ಕಾಡಿದ ಪ್ರಶ್ನೆ.

ಉತ್ತರ ಕಣ್ಣಿನಲ್ಲಿದೆ. ಕಣ್ಣಿನೊಳಗೆ ಎರಡು ಬಗೆಯ ಕೋಶ. ಕೋನ್ ಕೋಶಗಳು ಹಗಲಿಗೆ, ಬಣ್ಣಕ್ಕೆ. ರಾಡ್ ಕೋಶಗಳು ಕತ್ತಲಿಗೆ. ಕೋನ್ ಅತಿ ಚೆನ್ನಾಗಿ ಸ್ಪಂದಿಸೋದು 555 ನ್ಯಾನೋಮೀಟರಿನ ಹಳದಿ ಹಸಿರಿಗೆ, ರಾಡ್ 507ರ ನೀಲಿ ಹಸಿರಿಗೆ. ಬೀದಿದೀಪದ ಬೆಳಕಲ್ಲಿ ಎರಡೂ ಅರ್ಧಂಬರ್ಧ ಕೆಲಸ ಮಾಡ್ತವೆ. ಬಿಳಿ ಎಲ್ಇಡಿಯಲ್ಲಿ ರಸ್ತೆಯ ಅಂಚಿನಲ್ಲಿ ನಿಂತವರನ್ನ ಗಮನಿಸೋದು ಸೋಡಿಯಂಗಿಂತ ಸುಲಭ ಅನ್ನೋದಕ್ಕೆ ಇದೊಂದು ಕಾರಣ.

ಆದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಟೈಮ್ ಬೇಕು. ಕೋನ್‌ಗೆ ಕೆಲವು ನಿಮಿಷ, ರಾಡ್‌ಗೆ ಅರ್ಧ ಗಂಟೆಯವರೆಗೆ. ಸಿನಿಮಾ ಶುರುವಾದ ಮೇಲೆ ಥಿಯೇಟರ್ ಒಳಗೆ ಹೋದ್ರೆ ಸೀಟು ಹುಡುಕಲು ಒದ್ದಾಡ್ತೀವಲ್ಲ, ಅದೇ. ನಮ್ಮ ರಸ್ತೆಯಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಬಂದರೆ ಒಂದು ಉರಿಯುವ ಕಂಬದಿಂದ ಮುಂದಿನ ಉರಿಯುವ ಕಂಬಕ್ಕೆ ಐದು ಸೆಕೆಂಡೂ ಆಗಲ್ಲ. ಕಣ್ಣು 31 ಲಕ್ಸಿಗೆ ಹೊಂದಿಕೊಂಡೇ ಇರುತ್ತೆ. ನಡುವಿನ 1 ಲಕ್ಸ್ ಅದರ ಪಾಲಿಗೆ ಕತ್ತಲೆ. ಪೂರ್ತಿ ಬೆಳದಿಂಗಳಿನ ರಸ್ತೆಯಲ್ಲಿ ಈ ತೊಂದರೆ ಇಲ್ಲ, ಯಾಕಂದ್ರೆ ಅಲ್ಲಿ ಎಲ್ಲಾ ಕಡೆ ಒಂದೇ ಸಮ.

ಇನ್ನೊಂದು ವಿಷಯ. ಬೀದಿದೀಪದಲ್ಲಿ ನಮಗೆ ಮನುಷ್ಯರು ಬಹಳ ಸಲ ನೆರಳಿನ ಆಕೃತಿಯಾಗಿ ಕಾಣ್ತಾರೆ, ಹೊಳೆಯೋ ರಸ್ತೆಯ ಹಿನ್ನೆಲೆಯಲ್ಲಿ ಕಪ್ಪಾಗಿ. ಹಿನ್ನೆಲೆಗೂ ವಸ್ತುವಿಗೂ ಇರೋ ಹೊಳಪಿನ ವ್ಯತ್ಯಾಸವನ್ನ ಹಿನ್ನೆಲೆಯ ಹೊಳಪಿನಿಂದ ಭಾಗಿಸಿದರೆ ಬರೋದು ಕಾಂಟ್ರಾಸ್ಟ್. ಅಕ್ಕ ಅವತ್ತು ಉಟ್ಟಿದ್ದು ಕಡುನೀಲಿ ಸೀರೆ. ಹಿಂದಿನ ರಸ್ತೆಯೂ ಕಪ್ಪು. ಕಪ್ಪಿನ ಮೇಲೆ ಕಪ್ಪು.

ಅಕ್ಕನನ್ನ ನೋಡೋಕೆ ಹೋದಾಗ ಅವರು ಹೇಳಿದ್ದು ನಮಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. 'ಗಾಡಿ ಬರ್ತಿರೋದು ನಂಗೆ ದೂರದಿಂದ್ಲೇ ಕಾಣ್ತಿತ್ತು ಕಣಪ್ಪ. ನಂಗೆ ಅವ್ನು ಕಾಣ್ತವ್ನೆ ಅಂದ್ಮೇಲೆ ಅವ್ನಿಗೂ ನಾನು ಕಾಣ್ತೀನಿ ಅಂದ್ಕೊಂಡೆ.' ಹೆಡ್‌ಲೈಟ್ ಇರೋ ಗಾಡಿ ಅರ್ಧ ಕಿಲೋಮೀಟರಿನಿಂದ ಕಾಣುತ್ತೆ. ಆದ್ರೆ ಗಾಡಿಯವನಿಗೆ ನಾವು ಕಾಣೋದು ಕೆಲವೇ ಮೀಟರಿನಲ್ಲಿ. ನಡೆಯುವ ನಾವೆಲ್ಲರೂ ಈ ತಪ್ಪು ಲೆಕ್ಕ ಹಾಕ್ತೀವಿ.

ಕಣ್ಣು ಕುಕ್ಕುವ ಬೆಳಕು

'ಹಾಗಾದ್ರೆ ಜಾಸ್ತಿ ಬೆಳಕು ಹಾಕಿಬಿಡಿ' ಅನ್ನೋದು ಸುಲಭದ ಉತ್ತರ. ಅದೂ ಪೂರ್ತಿ ಸರಿಯಲ್ಲ, ಕಾರಣ ಗ್ಲೇರ್.

ದೀಪದ ಬೆಳಕು ನೇರ ಕಣ್ಣಿಗೆ ಬಿದ್ದರೆ ಅದು ಕಣ್ಣಿನೊಳಗೆ ಚದುರಿ, ಇಡೀ ದೃಶ್ಯದ ಮೇಲೆ ತೆಳು ಪರದೆ ಹಾಕಿದ ಹಾಗಾಗುತ್ತೆ. ಇದಕ್ಕೊಂದು ಸೂತ್ರ ಇದೆ. ಪರದೆಯ ಹೊಳಪು = 10 × ಕಣ್ಣಿಗೆ ಬೀಳೋ ಲಕ್ಸ್ ÷ ಕೋನದ ವರ್ಗ. ಕೋನ ಅಂದ್ರೆ ನಾವು ನೋಡ್ತಿರೋ ದಿಕ್ಕಿಗೂ ದೀಪಕ್ಕೂ ನಡುವಿನ ಡಿಗ್ರಿ. ಕಣ್ಣಿಗೆ 1 ಲಕ್ಸ್ ಬೀಳ್ತಿದೆ ಅಂದ್ಕೊಳ್ಳಿ. ದೀಪ 10 ಡಿಗ್ರಿ ಪಕ್ಕದಲ್ಲಿದ್ರೆ ಪರದೆ 0.1, 5 ಡಿಗ್ರಿಯಲ್ಲಿದ್ರೆ 0.4. ಕೋನ ಅರ್ಧ ಆದ್ರೆ ತೊಂದರೆ ನಾಲ್ಕು ಪಟ್ಟು.

ಒಂದು ಉದಾಹರಣೆ. ರಸ್ತೆಯ ಹೊಳಪು 0.2, ಮುಂದೆ ನಿಂತವರ ಹೊಳಪು 0.05 ಇದೆ ಅನ್ನೋಣ. ವ್ಯತ್ಯಾಸ 0.15, ಕಾಂಟ್ರಾಸ್ಟ್ 75 ಶೇಕಡ, ಚೆನ್ನಾಗೇ ಕಾಣಬೇಕು. ಈಗ ಎರಡರ ಮೇಲೂ 0.4ರ ಪರದೆ ಸೇರಿಸಿ. ವ್ಯತ್ಯಾಸ ಅದೇ 0.15, ಆದರೆ ಭಾಗಿಸಬೇಕಾದ್ದು 0.6ರಿಂದ. ಕಾಂಟ್ರಾಸ್ಟ್ 25 ಶೇಕಡಕ್ಕೆ ಬಿತ್ತು. ರಸ್ತೆಗೆ ಬೆಳಕು ಸೇರಿಸಿಲ್ಲ, ಕಣ್ಣಿಗೆ ಸೇರಿಸಿದ್ದೀವಿ ಅಷ್ಟೇ.

ಎದುರಿನವರ ಹೈ ಬೀಮ್ ಇದರ ಅತಿ ಕೆಟ್ಟ ರೂಪ. ಆದರೆ ಬೀದಿದೀಪವೂ ಇದನ್ನ ಮಾಡಬಲ್ಲದು. ಹೆಚ್ಚು ಅಗಲಕ್ಕೆ ಬೆಳಕು ಬೀಳಲಿ ಅಂತ ದೀಪವನ್ನ ಮೇಲಕ್ಕೆ ಓರೆ ಮಾಡಿ ಕಟ್ಟಿದ್ರೆ ಅದು ಓಡಿಸುವವರ ಕಣ್ಣಿಗೇ ಹೊಡೆಯುತ್ತೆ. ವಯಸ್ಸಾದವರಿಗೆ ಇದು ಇನ್ನೂ ಕಷ್ಟ. ಅರವತ್ತರ ಕಣ್ಣಿನ ಒಳಪರದೆಗೆ ತಲುಪೋ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಮೂರನೇ ಒಂದು ಭಾಗದಷ್ಟೇ, ಜೊತೆಗೆ ಚದುರೋದೂ ಜಾಸ್ತಿ. 'ನಮಗೆ ಚೆನ್ನಾಗೇ ಕಾಣ್ತಿದೆಯಲ್ಲ' ಅಂತ ಹತ್ತೊಂಬತ್ತರ ನಾವು ಹೇಳಿದ್ರೆ, ನಮ್ಮ ಬಸ್ ಓಡಿಸೋ ಅಂಕಲ್‌ಗೆ ಅದು ಅನ್ವಯಿಸಲ್ಲ.

ಬಣ್ಣದ ಬಗ್ಗೆಯೂ ಎರಡು ಮಾತು. ನೀಲಿ ಅಂಶ ಹೆಚ್ಚಿರೋ ತೀರಾ ಬಿಳಿ ದೀಪಗಳಲ್ಲಿ ಕಣ್ಣಿಗೆ ಕಿರಿಕಿರಿ ಜಾಸ್ತಿ. ಅಮೆರಿಕದ ವೈದ್ಯರ ಸಂಘ 2016ರಲ್ಲಿ ಬೀದಿಗೆ 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯ ದೀಪ ಹಾಕಿ ಅಂತ ಸಲಹೆ ಕೊಟ್ಟಿತು. ಇನ್ನು 'ಮಂಜಿನಲ್ಲಿ ಹಳದಿ ಬೆಳಕು ತೂರಿಕೊಂಡು ಹೋಗುತ್ತೆ' ಅನ್ನೋ ಮಾತು ಘಾಟಿ ಊರಿನ ಗೆಳೆಯರು ಹೇಳ್ತಿರ್ತಾರೆ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ಹಾಗಾಗಿ ಎಲ್ಲಾ ಬಣ್ಣವನ್ನೂ ಹೆಚ್ಚೂಕಡಿಮೆ ಒಂದೇ ಥರ ಚದುರಿಸ್ತವೆ. ಮಂಜಿನಲ್ಲಿ ಮುಖ್ಯವಾಗೋದು ಬಣ್ಣಕ್ಕಿಂತ ಬೆಳಕಿನ ಕೋನ. ಕೆಳಗೆ, ರಸ್ತೆಗೆ ಹತ್ತಿರ ಇದ್ದಷ್ಟೂ ಒಳ್ಳೇದು.

ನಿಲ್ಲಿಸೋಕೆ ಎಷ್ಟು ದೂರ ಬೇಕು

ಇದು ನಮ್ಮ ಸಿವಿಲ್ ಗೆಳತಿ ಬರೆದ ಭಾಗ. ಕಂಡ ಮೇಲೆ ಬ್ರೇಕ್ ಹಾಕೋವರೆಗೆ ರಸ್ತೆ ವಿನ್ಯಾಸದಲ್ಲಿ 2.5 ಸೆಕೆಂಡ್ ಹಿಡೀತಾರೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲೋ ದೂರ ವೇಗದ ವರ್ಗಕ್ಕೆ ತಕ್ಕ ಹಾಗೆ ಬೆಳೆಯುತ್ತೆ. ಘರ್ಷಣೆಯ ಗುಣಾಂಕ 0.35 ಅಂತ ಇಟ್ಟುಕೊಂಡರೆ:

ಗಂಟೆಗೆ 30 ಕಿ.ಮೀ.: 31 ಮೀಟರ್
45 ಕಿ.ಮೀ.: 54 ಮೀಟರ್
60 ಕಿ.ಮೀ.: 82 ಮೀಟರ್
80 ಕಿ.ಮೀ.: 127 ಮೀಟರ್

ಅವತ್ತು ಗೆಳೆಯ ಬರ್ತಿದ್ದ ವೇಗ ಅವನೇ ಹೇಳಿದ ಪ್ರಕಾರ 45ರ ಹತ್ತಿರ. 54 ಮೀಟರ್ ಬೇಕಿತ್ತು. ಡಿಪ್ ಲೈಟಿನಲ್ಲಿ ಕಡು ಬಣ್ಣದ ಬಟ್ಟೆ ಹಾಕಿದವರು ಅಷ್ಟು ದೂರಕ್ಕೆ ಕಾಣಲ್ಲ. ಅವನು 30ರಲ್ಲಿ ಬಂದಿದ್ರೆ 31 ಮೀಟರ್ ಸಾಕಾಗ್ತಿತ್ತು. ಹಾಗಾಗಿ ತಪ್ಪು ಬರೀ ದೀಪದ್ದು ಅಂತ ನಾವು ಅವನನ್ನ ಬಿಟ್ಟುಕೊಟ್ಟಿಲ್ಲ. ಅವನೂ ಒಪ್ಪಿಕೊಂಡ. ಕಾಣುವಷ್ಟು ದೂರದಲ್ಲಿ ನಿಲ್ಲಿಸಲಾಗದ ವೇಗ ಎಷ್ಟೇ ಕಡಿಮೆ ಇದ್ರೂ ಅದು ಅತಿವೇಗವೇ.

ದೇಶದ ಅಂಕಿ ನೋಡಿದ್ರೆ ಇದು ನಮ್ಮೊಬ್ಬರ ಕಥೆಯಲ್ಲ. 2022ರಲ್ಲಿ ಭಾರತದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ನಡೆದು ಹೋಗ್ತಿದ್ದವರು. ದಿನದಲ್ಲಿ ಅತಿ ಹೆಚ್ಚು ಅಪಘಾತ ಆಗೋ ಹೊತ್ತು ಸಂಜೆ 6ರಿಂದ 9. ಆ ಹೊತ್ತಲ್ಲಿ ಸಂಚಾರವೂ ಜಾಸ್ತಿ ಇರುತ್ತೆ, ಹಾಗಾಗಿ ಎಲ್ಲದಕ್ಕೂ ಕತ್ತಲೆಯೇ ಕಾರಣ ಅನ್ನೋಕಾಗಲ್ಲ. ಆದರೂ ಗಮನಿಸಬೇಕಾದ ವಿಷಯ.

ದೀಪ ಕಡಿಮೆ ಮಾಡಿದ್ರೆ ಅಪಘಾತ ಜಾಸ್ತಿಯಾಗುತ್ತಾ?

ನಮ್ಮ ರಸ್ತೆಯ ಒಂದು ಅಪಘಾತದಿಂದ ಏನನ್ನೂ ಸಾಬೀತು ಮಾಡೋಕಾಗಲ್ಲ. ಅದಕ್ಕೇ ದೊಡ್ಡ ಅಧ್ಯಯನಗಳನ್ನ ಹುಡುಕಿದ್ವಿ. ಎರಡು ಸಿಕ್ಕವು, ಮೊದಲ ನೋಟಕ್ಕೆ ಎರಡೂ ಒಂದಕ್ಕೊಂದು ವಿರುದ್ಧ.

2009ರ ಕಾಕ್ರೇನ್ ವಿಮರ್ಶೆ ಹಲವು ಹಳೇ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿತು. ದೀಪ ಇಲ್ಲದ ಕಡೆ ದೀಪ ಹಾಕಿದಾಗ ಅಪಘಾತಗಳು 32ರಿಂದ 55 ಶೇಕಡ ಕಡಿಮೆಯಾಗಿರಬಹುದು ಅಂತ ಹೇಳಿತು. ಜೊತೆಗೆ, ಆ ಅಧ್ಯಯನಗಳ ಗುಣಮಟ್ಟ ಚೆನ್ನಾಗಿಲ್ಲ ಅಂತಲೂ ಎಚ್ಚರಿಸಿತು.

2015ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಆಡಳಿತಗಳ 2000ದಿಂದ 2013ರವರೆಗಿನ ಮಾಹಿತಿಯ ಮೇಲೆ ಇನ್ನೊಂದು ಅಧ್ಯಯನ ಬಂತು. ದೀಪ ಪೂರ್ತಿ ಆರಿಸೋದು, ಅರ್ಧ ರಾತ್ರಿ ಆರಿಸೋದು, ಮಂದ ಮಾಡೋದು, ಬಿಳಿ ದೀಪಕ್ಕೆ ಬದಲಾಯಿಸೋದು ಇವುಗಳಿಂದ ರಾತ್ರಿ ಅಪಘಾತ ಹೆಚ್ಚಾಯಿತು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ.

ಇದನ್ನ ಓದಿದಾಗ ಮೊದಲು ನಮಗೆ ಸಮಾಧಾನ ಆಯ್ತು, ಸುಳ್ಳು ಹೇಳಲ್ಲ. 'ನೋಡಿ, ಆರಿಸಿದ್ರೂ ಏನೂ ಆಗಲ್ಲ!' ಆಮೇಲೆ ಯೋಚನೆ ಮಾಡಿದ್ವಿ. ಅಲ್ಲಿನ ಆಡಳಿತಗಳು ಎಲ್ಲಿ ಆರಿಸಬೇಕು, ಎಲ್ಲಿ ಬೇಡ ಅಂತ ರಸ್ತೆಗಳನ್ನ ಆರಿಸಿಕೊಂಡು ಮಾಡೋಕೆ ಅವಕಾಶ ಇತ್ತು. ಅಲ್ಲಿ ಫುಟ್‌ಪಾತ್ ಇದೆ, ರಸ್ತೆ ಗೆರೆಗಳಿವೆ. ನಮ್ಮ ರಸ್ತೆಯಲ್ಲಿ ಫುಟ್‌ಪಾತೇ ಇಲ್ಲ, ಎರಡು ಗುಂಡಿ ಇದೆ, ನಾಯಿಗಳಿವೆ, ರಾತ್ರಿ ಒಂಬತ್ತಕ್ಕೆ ಮೆಸ್ಸಿನವರು, ಸೆಕ್ಯುರಿಟಿಯವರು, ನಾವು ಎಲ್ಲರೂ ಅದೇ ಡಾಂಬರಿನ ಮೇಲೆ ನಡೀತೀವಿ. ಆ ಅಧ್ಯಯನದಿಂದ ನಾವು ಕಲಿತದ್ದು ಇಷ್ಟು: ಯೋಚಿಸಿ ಮಾಡಿದ್ರೆ ಬೆಳಕನ್ನ ಕಡಿಮೆ ಮಾಡಬಹುದು. ಪೋಸ್ಟರ್ ನೋಡಿ ಮಾಡಬಾರದು.

ಎರಡನ್ನೂ ಉಳಿಸೋ ದಾರಿಗಳು

ಒಂದು, ಆರಿಸೋ ಬದಲು ಮಂದ ಮಾಡಿ, ಅದೂ ಜನ ಕಡಿಮೆಯಾದ ಮೇಲೆ. ಮೇಲೆ ಹೇಳಿದ ಒಂದು ಕಿಲೋಮೀಟರ್ ರಸ್ತೆಯಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಅರ್ಧಕ್ಕೆ ಇಳಿಸಿದ್ರೆ ವರ್ಷಕ್ಕೆ 16,400 ಯೂನಿಟ್ ಇದ್ದದ್ದು ಸುಮಾರು 11,900 ಆಗುತ್ತೆ. ಸೋಡಿಯಂಗೆ ಹೋಲಿಸಿದರೆ 68 ಶೇಕಡ ಉಳಿತಾಯ, ಒಂದು ಕಂಬವನ್ನೂ ಆರಿಸದೆ.

ಎರಡು, ಕೆಟ್ಟ ದೀಪವನ್ನ ಬೇಗ ಸರಿ ಮಾಡಿ. ಲೆಕ್ಕದ ದೃಷ್ಟಿಯಿಂದ ಕೆಟ್ಟುಹೋದ ದೀಪವೂ ಆರಿಸಿದ ದೀಪವೂ ಒಂದೇ. ಅಲ್ಲೂ ಅದೇ 1.07 ಲಕ್ಸ್.

ಮೂರು, ಮರದ ಕೊಂಬೆ ಸವರಿ, ದೀಪದ ಗಾಜು ಒರೆಸಿ. ಕೊಂಬೆ ಅಡ್ಡ ಬಂದ ದೀಪ ಕರೆಂಟು ಪೂರ್ತಿ ತಿನ್ನುತ್ತೆ, ಬೆಳಕು ಎಲೆಗೆ ಕೊಡುತ್ತೆ.

ನಾಲ್ಕು, ಕರೆಂಟೇ ಬೇಡದ ದೀಪಗಳನ್ನ ಮರೀಬೇಡಿ. 1934ರಲ್ಲಿ ಇಂಗ್ಲೆಂಡಿನ ಪರ್ಸಿ ಶಾ ಅನ್ನೋರು 'ಬೆಕ್ಕಿನ ಕಣ್ಣು' ಅನ್ನೋ ರಸ್ತೆ ಸ್ಟಡ್ಡಿಗೆ ಪೇಟೆಂಟ್ ಪಡೆದರು. ಹೆಡ್‌ಲೈಟಿನ ಬೆಳಕನ್ನ ಬಂದ ದಾರಿಯಲ್ಲೇ ವಾಪಸ್ ಕಳಿಸೋದು ಅದರ ಕೆಲಸ. ರಸ್ತೆಯ ಬಿಳಿ ಗೆರೆಯಲ್ಲಿ ಬೆರೆಸೋ ಸಣ್ಣ ಗಾಜಿನ ಮಣಿಗಳೂ ಅದನ್ನೇ ಮಾಡ್ತವೆ. ಬ್ಯಾಗಿಗೆ ಅಂಟಿಸೋ ಹೊಳೆಯೋ ಪಟ್ಟಿಯೂ ಅಷ್ಟೇ.

ಈ ಕೊನೇ ಐಡಿಯಾ ತುಂಬಾ ಇಷ್ಟ ಆಗಿ ಮೆಸ್ಸಿನವರಿಗೆಲ್ಲ ಪಟ್ಟಿ ತಗೊಂಡು ಹೋದ್ವಿ. ಅಕ್ಕ ಕೈಯಲ್ಲಿ ಹಿಡಿದು ನೋಡಿ, 'ಕೊಡಿ, ಕಟ್ಕೋತೀವಿ. ಆದ್ರೆ ನಾವು ಪಟ್ಟಿ ಕಟ್ಕೊಂಡ್ರೆ ನೀವು ನಿಧಾನ ಬರ್ತೀರಾ?' ಅಂದ್ರು. ನಮ್ಮ ಹತ್ರ ಉತ್ತರ ಇರಲಿಲ್ಲ. ಅದಕ್ಕೇ ಈ ಪಟ್ಟಿಯಲ್ಲಿ ಐದನೇದು ಸೇರಿಸಿದ್ವಿ: ಆ ರಸ್ತೆಯಲ್ಲಿ 30ಕ್ಕಿಂತ ಜಾಸ್ತಿ ಹೋಗಬೇಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಪೆಟ್ರೋಲೂ ಉಳಿಯುತ್ತೆ.

ಈಗ ನಮ್ಮ ರಸ್ತೆ

ಈ ಲೆಕ್ಕವನ್ನೆಲ್ಲ ಎರಡು ಪುಟದಲ್ಲಿ ಬರೆದು ಸಂಬಂಧಪಟ್ಟವರಿಗೆ ಕೊಟ್ಟೆವು. 'ನೀವೇ ಆರಿಸಿ ಅಂದ್ರಿ, ಈಗ ನೀವೇ ಹಾಕಿ ಅಂತೀರಲ್ಲಪ್ಪ' ಅಂದ್ರು. ನಿಜ, ಬೈಸಿಕೊಂಡ್ವಿ. ಹನ್ನೆರಡು ದೀಪಗಳೂ ಈಗ ಉರೀತಿವೆ. ಮಂದ ಮಾಡೋ ಡ್ರೈವರ್ ಇನ್ನೂ ಬಂದಿಲ್ಲ, ಆ ಬೇಡಿಕೆ ಇನ್ನೂ ಫೈಲಿನಲ್ಲಿದೆ.

ನಾವು ಆರು ದೀಪ ಆರಿಸಿ ಉಳಿಸ್ತಿದ್ದದ್ದು ರಾತ್ರಿಗೆ ನಾಲ್ಕು ಯೂನಿಟ್. ಸಣ್ಣ ಸಂಖ್ಯೆ ಅಲ್ಲ, ವರ್ಷಕ್ಕೆ ಸಾವಿರದ ನಾನೂರು ದಾಟುತ್ತೆ. ಅದನ್ನ ಉಳಿಸಲೇಬೇಕು ಅಂತ ಈಗಲೂ ನಾವು ನಂಬ್ತೀವಿ. ಆದರೆ ಯಾರ ರಸ್ತೆಯಿಂದ, ಎಷ್ಟು ಹೊತ್ತಿಗೆ, ಯಾವ ರೀತಿ ಅಂತ ಕೇಳದೆ ಉಳಿಸಿದ್ರೆ ಅದರ ಬಿಲ್ಲನ್ನ ಬೇರೆ ಯಾರೋ ಕಟ್ಟಬೇಕಾಗುತ್ತೆ. ಎರಡು ತಿಂಗಳ ಸಂಬಳ ಕಳೆದುಕೊಂಡು ಅಕ್ಕ ಕಟ್ಟಿದ್ರು.

ಕೊನೆಗೆ ನಿಮಗೊಂದು ಮನೆಕೆಲಸ. ಇವತ್ತು ರಾತ್ರಿ ಒಂಬತ್ತಕ್ಕೆ ನಿಮ್ಮ ಹಾಸ್ಟೆಲ್ ಅಥವಾ ಮನೆ ಮುಂದಿನ ರಸ್ತೆಗೆ ಹೋಗಿ. ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ದೂರ ಅಳೆಯಿರಿ. ನಡುವಿನ ಜಾಗದಲ್ಲಿ ಗೆಳೆಯನೊಬ್ಬ ಕಡು ಬಣ್ಣದ ಬಟ್ಟೆ ಹಾಕ್ಕೊಂಡು ಅಂಚಿನಲ್ಲಿ ನಿಲ್ಲಲಿ, ನೀವು ಐವತ್ತು ಮೀಟರ್ ಹಿಂದೆ ಹೋಗಿ ನೋಡಿ. ಫೋನಿನ ಲಕ್ಸ್ ಆ್ಯಪ್ ಅಷ್ಟೇನೂ ನಿಖರ ಅಲ್ಲ, ಆದರೆ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ತಿಳಿಯೋಕೆ ಸಾಕು. ಕತ್ತಲ ಜಾಗ ಸಿಕ್ಕಿದರೆ ಕಂಬದ ನಂಬರ್ ಬರೆದುಕೊಂಡು ದೂರು ಕೊಡಿ.

'ದೀಪದ ಬುಡದಲ್ಲಿ ಕತ್ತಲೆ' ಅನ್ನೋ ಗಾದೆಯನ್ನ ನಾವು ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಿ. ಅದರ ಬೆಲೆ 1.07 ಲಕ್ಸ್ ಅಂತ ಈಗ ಗೊತ್ತಾಯ್ತು.